ಮುದ್ದೆಯ ಸೀಮೆಯ ಆಲೂಗಡ್ಡೆ

ಐರ್ಲೆಂಡಿನ ಆಲೂಗಡ್ಡೆ ಕ್ಷಾಮದ ಬಗ್ಗೆ ಓದುವಾಗಲೆಲ್ಲ ನನಗೆ ಹಾಸನ ಜಿಲ್ಲೆಯ ಹೊಲಗಳು ನೆನಪಾಗುತ್ತವೆ. 1845ರಲ್ಲಿ ಅಲ್ಲಿನ ಬೆಳೆಯನ್ನು ಕೊಳೆಸಿದ ರೋಗಾಣು ಫೈಟಾಫ್ಥೊರಾ ಇನ್‌ಫೆಸ್ಟನ್ಸ್. ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ರೈತರು ಅಂಗಮಾರಿ ಎಂದು ಹೆದರುವ ರೋಗ ತರುವುದೂ ಅದೇ. ರೋಗ ಒಂದೇ ಆದರೂ ಅದು ಕೊಟ್ಟ ಪೆಟ್ಟು ಒಂದೇ ಅಲ್ಲ.

ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಿಂದ ಯುರೋಪಿಗೆ ಬಂದ ಈ ಗಡ್ಡೆ ಐರ್ಲೆಂಡಿನ ಬಡ ಗೇಣಿದಾರನಿಗೆ ಮೂರು ಹೊತ್ತಿನ ಊಟವಾಯಿತು. ತುಂಡು ನೆಲದಲ್ಲಿ ಸಂಸಾರ ಸಾಕುವಷ್ಟು ಆಲೂಗಡ್ಡೆ ಬೆಳೆಯುತ್ತಿತ್ತು. ಬೆಳೆದ ಧಾನ್ಯ ಗೇಣಿ ತೀರಿಸಲು ಹೋಗುತ್ತಿತ್ತು. ಬಡವರು ಹೆಚ್ಚಾಗಿ ನೆಡುತ್ತಿದ್ದದ್ದು ಲಂಪರ್ ಎಂಬ ಒಂದೇ ತಳಿ. ರೋಗ ಬಂದಾಗ ತಟ್ಟೆಯೇ ಬರಿದಾಯಿತು. 1852ರ ಹೊತ್ತಿಗೆ ಸುಮಾರು 10 ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ದೇಶ ಬಿಟ್ಟರು. ಆ ವರ್ಷಗಳಲ್ಲೂ ಧಾನ್ಯ, ದನಗಳು ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು.

ಹಾಸನದ ಸೀಮೆಯಲ್ಲಿ ಹೊಟ್ಟೆ ತುಂಬಿಸುವುದು ರಾಗಿ. ಆಲೂಗಡ್ಡೆ ಅವರೆಕಾಳಿನ ಸಾರಿಗೆ, ದೋಸೆಯ ಪಲ್ಯಕ್ಕೆ, ಬೋಂಡಕ್ಕೆ ಬರುವ ನೆಂಟ. ಶ್ರಾದ್ಧದ ಅಡುಗೆಗೆ ಅದನ್ನು ಇಂದಿಗೂ ಸೇರಿಸದ ಮನೆಗಳಿವೆ. ಹೊಲದಲ್ಲಿ ಮಾತ್ರ ಅದು ದುಡ್ಡಿನ ಬೆಳೆ. ಉತ್ತರ ಭಾರತದ ಬಯಲಿನಲ್ಲಿ ಚಳಿಗಾಲಕ್ಕೆ ಬೆಳೆಯುವ ಇದನ್ನು ಇಲ್ಲಿ ಮುಂಗಾರು ಮಳೆ ನಂಬಿ ಬೆಳೆಯುತ್ತಾರೆ. ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರ್‌ನಿಂದ ಲಾರಿಗಳಲ್ಲಿ ಹಾಸನದ ಎಪಿಎಂಸಿಗೆ ಬರುತ್ತದೆ. ಮೇ ತಿಂಗಳ ಹದಮಳೆಗೆ, ಕಣ್ಣು ನೋಡಿ ಹೋಳು ಮಾಡಿ ನೆಡುತ್ತಾರೆ. ಸುಮಾರು 90 ದಿನಕ್ಕೆ ಕೀಳುತ್ತಾರೆ. ನಡುವೆ ಬರುವ ಮೋಡ, ಜಿಟಿಜಿಟಿ ಮಳೆ ಅಂಗಮಾರಿಗೆ ಹೇಳಿ ಮಾಡಿಸಿದ ಹವೆ. ಇಲ್ಲೂ ಬಹುಪಾಲು ಹೊಲಗಳನ್ನು ಆಳಿದ್ದು ಒಂದೇ ತಳಿ, 1968ರಲ್ಲಿ ಬಂದ ಕುಫ್ರಿ ಜ್ಯೋತಿ. ಮೊದಮೊದಲು ಅದಕ್ಕೆ ರೋಗ ತಡೆಯುವ ಶಕ್ತಿಯಿತ್ತು. ಬರಬರುತ್ತ ಅದು ಕುಂದಿತು.

ಎಲೆ ಕಪ್ಪಾದ ವರ್ಷವೂ ಇಲ್ಲಿ ಒಲೆ ಆರಲಿಲ್ಲ. ಆದರೆ ಬಿತ್ತನೆ ಗಡ್ಡೆಗೆ, ಗೊಬ್ಬರಕ್ಕೆ, ಔಷಧಿಗೆ ಮಾಡಿದ ಸಾಲ ಹಾಗೇ ಉಳಿಯಿತು. ಐರ್ಲೆಂಡಿನವರು ಹಡಗು ಹತ್ತಿದರು. ಇಲ್ಲಿ ಎಷ್ಟೋ ರೈತರು ಮುಸುಕಿನ ಜೋಳಕ್ಕೆ, ಶುಂಠಿಗೆ ಹೊರಳಿದರು.

ಒಂದು ರೋಗ ಕ್ಷಾಮವಾಗುವುದೋ ಸಾಲವಾಗುವುದೋ ಎಂಬುದನ್ನು ಪಕ್ಕದ ಹೊಲದಲ್ಲಿ ಏನಿದೆ ಎಂಬುದೂ ತೀರ್ಮಾನಿಸುತ್ತದೆ. ಆದ್ದರಿಂದ ಆಲೂಗಡ್ಡೆಯ ಚರಿತ್ರೆ ಓದುವಾಗ ನಾನು ರಾಗಿ ಹೊಲದ ಕಡೆಗೂ ನೋಡುತ್ತೇನೆ. ಆ ಹೊಲವೂ ದುಡ್ಡಿನ ಬೆಳೆಗೆ ಹೋದರೆ, ಮುಂದಿನ ಅಂಗಮಾರಿಯ ವರ್ಷ ರೈತ ಮುದ್ದೆಯ ಹಿಟ್ಟನ್ನೂ ಸಾಲ ಮಾಡಿಯೇ ತರಬೇಕಾಗುತ್ತದೆ.