ಹಳೆಯ ಜೂಕ್‌ಬಾಕ್ಸ್‌ನ ಧ್ವನಿದೋಷಗಳು

ಜೂಕ್‌ಬಾಕ್ಸ್ ಎಂಬುದು ನಾಣ್ಯ ಹಾಕಿ ಗುಂಡಿಯೊತ್ತಿದಾಗ, ಆಯ್ದ ಹಾಡಿನ ಗ್ರಾಮಫೋನ್ ತಟ್ಟೆಯನ್ನು ತಾನಾಗಿಯೇ ಎತ್ತಿಕೊಂಡು ನುಡಿಸುವ ಯಂತ್ರ. ಅಮೆರಿಕದಲ್ಲಿ ತಯಾರಾದ ಸೀಬರ್ಗ್, ವುರ್ಲಿಟ್ಜರ್, ರಾಕ್-ಓಲಾ ಮತ್ತು ಎಎಂಐ ಹೆಸರಿನ ಜೂಕ್‌ಬಾಕ್ಸ್‌ಗಳು ಇಂದು ಸಂಗ್ರಾಹಕರ ಬಳಿ ಉಳಿದುಕೊಂಡಿವೆ. ಇಂತಹ ಯಂತ್ರಗಳಲ್ಲಿ, ವಿಶೇಷವಾಗಿ 1950ರ ದಶಕದ ವಾಲ್ವ್ ಆಂಪ್ಲಿಫೈಯರ್ ಹೊಂದಿರುವ ಮಾದರಿಗಳಲ್ಲಿ, ಕಾಣಿಸಿಕೊಳ್ಳುವ ಧ್ವನಿದೋಷಗಳನ್ನೂ ಅವುಗಳ ಮೂಲವನ್ನು ಪತ್ತೆಹಚ್ಚುವ ಕ್ರಮವನ್ನೂ ಈ ಲೇಖನವು ವಿವರಿಸುತ್ತದೆ.

ಹಿನ್ನೆಲೆ

ನಾಣ್ಯ ಹಾಕಿ ಹಾಡು ಕೇಳುವ ಯಂತ್ರವನ್ನು ಲೂಯಿ ಗ್ಲಾಸ್ ಎಂಬುವರು 1889ರ ನವೆಂಬರ್ 23ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರದ ಪಾನಗೃಹವೊಂದರಲ್ಲಿ ಮೊದಲು ಇರಿಸಿದರು. ಅದರಲ್ಲಿ ಆಂಪ್ಲಿಫೈಯರ್ ಇರಲಿಲ್ಲ. ಕೇಳುಗರು ಕೊಳವೆಗಳನ್ನು ಕಿವಿಗಿಟ್ಟುಕೊಳ್ಳಬೇಕಾಗಿತ್ತು. ಸೀಬರ್ಗ್ ಸಂಸ್ಥೆಯು 1948ರಲ್ಲಿ ನೂರು ಹಾಡುಗಳ ಆಯ್ಕೆಯುಳ್ಳ ಎಂ100ಎ ಮಾದರಿಯನ್ನೂ 1950ರಲ್ಲಿ ನಿಮಿಷಕ್ಕೆ 45 ಸುತ್ತಿನ ತಟ್ಟೆಗಳನ್ನು ನುಡಿಸುವ ಎಂ100ಬಿ ಮಾದರಿಯನ್ನೂ ಹೊರತಂದಿತು. ಅಂದಿನಿಂದ ಜೂಕ್‌ಬಾಕ್ಸ್ ಎಂದರೆ 45 ಸುತ್ತಿನ ತಟ್ಟೆ ಎಂಬಂತಾಯಿತು.

ವಿದ್ಯುತ್ ಹರಿಸುವ ಮುನ್ನ

ದಶಕಗಳ ಕಾಲ ಮೂಲೆ ಸೇರಿದ್ದ ಯಂತ್ರಕ್ಕೆ ಹೆಚ್ಚಿನ ಹಾನಿಯಾಗುವುದು ಅದನ್ನು ಮತ್ತೆ ಚಾಲೂ ಮಾಡಿದ ಮೊದಲ ಕೆಲವು ನಿಮಿಷಗಳಲ್ಲಿ. ವಿದ್ಯುತ್ ಪೂರೈಕೆಯ ಭಾಗದಲ್ಲಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಬಳಕೆಯಿಲ್ಲದೆ ಒಣಗಿ ನಿರೋಧಶಕ್ತಿಯನ್ನು ಕಳೆದುಕೊಂಡಿರುತ್ತವೆ. ಏಕಾಏಕಿ ಪೂರ್ಣ ವೋಲ್ಟೇಜ್ ಕೊಟ್ಟಾಗ ಅವು ಮಿತಿಮೀರಿದ ವಿದ್ಯುತ್ತನ್ನು ಎಳೆದುಕೊಂಡು ತಾವೂ ಕೆಟ್ಟು, ರೆಕ್ಟಿಫೈಯರ್ ವಾಲ್ವನ್ನೂ ಟ್ರಾನ್ಸ್‌ಫಾರ್ಮರನ್ನೂ ಸುಡಬಲ್ಲವು. ಕೆಪಾಸಿಟರ್ ಅಂಗಡಿಯಲ್ಲಿ ಸಿಗುವ ವಸ್ತು. ಆ ಮಾದರಿಯ ಮೂಲ ಟ್ರಾನ್ಸ್‌ಫಾರ್ಮರ್ ಹಾಗಲ್ಲ. ಆದ್ದರಿಂದ ಹಳೆಯ ಕೆಪಾಸಿಟರ್‌ಗಳನ್ನು ಮೊದಲೇ ಬದಲಿಸಿ, ಅನಂತರ ಸರಣಿಯಲ್ಲಿ ಒಂದು ತಂತಿಯ ಬಲ್ಬನ್ನು ಜೋಡಿಸಿ ವಿದ್ಯುತ್ ಕೊಡುವುದು ಬಲ್ಲವರ ರೂಢಿ. ಬಲ್ಬು ಪ್ರಖರವಾಗಿ ಉರಿಯುತ್ತಲೇ ಇದ್ದರೆ ಒಳಗೆ ಎಲ್ಲೋ ಶಾರ್ಟ್ ಆಗಿದೆಯೆಂದು ತಿಳಿಯಬೇಕು.

ವಾಲ್ವ್ ಆಂಪ್ಲಿಫೈಯರ್‌ನೊಳಗೆ 300ರಿಂದ 400 ವೋಲ್ಟ್, ಕೆಲವೊಮ್ಮೆ ಅದಕ್ಕೂ ಮಿಕ್ಕಿದ ನೇರ ವಿದ್ಯುತ್ ಇರುತ್ತದೆ. ಪ್ಲಗ್ ಕಿತ್ತ ನಂತರವೂ ಅದು ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ, ಇದು ಪ್ರಾಣಾಪಾಯಕಾರಿ. ಸೂಕ್ತ ರೆಸಿಸ್ಟರ್ ಮೂಲಕ ಅದನ್ನು ಬರಿದುಮಾಡಿ, ಮೀಟರ್‌ನಿಂದ ಅಳೆದು ಖಚಿತಪಡಿಸಿಕೊಳ್ಳದೆ ಒಳಗೆ ಕೈಯಿಡಬಾರದು. ಈ ಅಭ್ಯಾಸವಿಲ್ಲದವರು ಆಂಪ್ಲಿಫೈಯರ್ ಕೆಲಸವನ್ನು ತಜ್ಞರಿಗೆ ಬಿಡುವುದೇ ಸರಿ. ಕೆಳಗೆ ಹೇಳಿದ ದೋಷಗಳಲ್ಲಿ ಹಲವು ಆಂಪ್ಲಿಫೈಯರ್‌ನ ಹೊರಗೇ ಇರುತ್ತವೆ ಎಂಬುದನ್ನೂ ಗಮನಿಸಬೇಕು.

ಮುಳ್ಳು ಮತ್ತು ಪಿಕಪ್

ಧ್ವನಿಯು ತಟ್ಟೆಯ ಗೀರಿನಿಂದ ಮುಳ್ಳಿಗೆ, ಅಲ್ಲಿಂದ ಪಿಕಪ್‌ಗೆ, ಆಮೇಲೆ ಆಂಪ್ಲಿಫೈಯರ್ ಹಾದು ಸ್ಪೀಕರ್‌ಗೆ ಸಾಗುತ್ತದೆ. ದೋಷವನ್ನು ಹುಡುಕುವವರು ಇದೇ ದಾರಿಯಲ್ಲಿ ನಡೆಯುವುದು ಲೇಸು. ಸವೆದ ಮುಳ್ಳು ದನಿಯನ್ನು ಒಡಕಾಗಿಸುತ್ತದೆ. ಜೊತೆಗೆ ಪ್ರತಿ ಸಲವೂ ತಟ್ಟೆಯ ಗೀರನ್ನು ಕೊರೆದು ಶಾಶ್ವತವಾಗಿ ಹಾಳುಮಾಡುತ್ತದೆ. ಮುಳ್ಳನ್ನು ಮುಂದೆ ಬದಲಿಸಿದರೂ ಹಾಳಾದ ತಟ್ಟೆ ಸರಿಹೋಗದು. ಹಳೆಯ ಮೋನೊ ಪಿಕಪ್‌ಗಳಲ್ಲಿ ಮುಳ್ಳು ಮೇಲೆ ಕೆಳಗೆ ಸುಲಭವಾಗಿ ಆಡದ ಕಾರಣ, ಅವುಗಳಲ್ಲಿ ಸ್ಟೀರಿಯೊ ತಟ್ಟೆಗಳನ್ನು ನುಡಿಸುವುದೂ ಹಾನಿಕರ. ಹಾಗೆಯೇ 78 ಸುತ್ತಿನ ತಟ್ಟೆಯ ಗೀರು ಅಗಲವಾದುದು. ಅದರ ಮುಳ್ಳು 45ರ ತಟ್ಟೆಗೆ ಹೊಂದುವುದಿಲ್ಲ.

ಸೀಬರ್ಗ್ ಯಂತ್ರಗಳಲ್ಲಿ ತಟ್ಟೆಯು ನೇರವಾಗಿ ನಿಂತು ತಿರುಗುತ್ತದೆ ಮತ್ತು ಎರಡು ಮುಖಗಳಿಗೆ ಎರಡು ಮುಳ್ಳುಗಳಿರುತ್ತವೆ. ಇದು ಪತ್ತೆದಾರಿಕೆಗೆ ಬಹಳ ಉಪಯುಕ್ತ. ಎಲ್ಲ ತಟ್ಟೆಗಳ ಒಂದೇ ಮುಖ ಕೆಟ್ಟದಾಗಿ ಕೇಳಿಸಿ, ಇನ್ನೊಂದು ಮುಖ ಚೆನ್ನಾಗಿದ್ದರೆ ಆಂಪ್ಲಿಫೈಯರ್ ನಿರಪರಾಧಿ. ಆ ಬದಿಯ ಮುಳ್ಳನ್ನೇ ಪರೀಕ್ಷಿಸಬೇಕು. ಸ್ಟೀರಿಯೊ ಮಾದರಿಯಲ್ಲಿ ಒಂದು ಬದಿಯ ಸ್ಪೀಕರ್ ಮಾತ್ರ ಮೌನವಾಗಿದ್ದರೆ, ಯಂತ್ರವನ್ನು ಆರಿಸಿ ಪಿಕಪ್‌ನಿಂದ ಬರುವ ಎಡ ಬಲದ ತಂತಿಗಳನ್ನು ಅದಲುಬದಲು ಮಾಡಿ ನೋಡಬಹುದು. ಮೌನವು ಇನ್ನೊಂದು ಸ್ಪೀಕರ್‌ಗೆ ಹೋದರೆ ದೋಷ ಪಿಕಪ್ ಕಡೆಯದು.

ಕೆಲವು ಹಳೆಯ ಯಂತ್ರಗಳಲ್ಲಿ ರೋಶೆಲ್ ಲವಣದ ಹರಳನ್ನು ಬಳಸಿದ ಪಿಕಪ್‌ಗಳಿದ್ದವು. ತೇವ ಮತ್ತು ಶಾಖಕ್ಕೆ ಈ ಹರಳು ಕೆಡುತ್ತದೆಯಾದ್ದರಿಂದ, ದನಿ ತೀರ ಕ್ಷೀಣವಾಗಿದ್ದಲ್ಲಿ ಮೊದಲ ಸಂಶಯ ಅದರ ಮೇಲೆಯೇ ಬರಬೇಕು.

ಮೌನದ ಸ್ವಿಚ್

ತಟ್ಟೆ ತಿರುಗುತ್ತದೆ, ಮುಳ್ಳು ಗೀರಿನಲ್ಲಿದೆ, ವಾಲ್ವುಗಳು ಬೆಳಗುತ್ತಿವೆ, ಆದರೂ ಸದ್ದಿಲ್ಲ. ಇಂತಹ ಸಂದರ್ಭದಲ್ಲಿ ಅನೇಕರು ಆಂಪ್ಲಿಫೈಯರ್ ಬಿಚ್ಚಲು ತೊಡಗುತ್ತಾರೆ. ತಟ್ಟೆ ಬದಲಾಗುವಾಗಿನ ಕರಕರ ಸದ್ದು ಗಿರಾಕಿಗಳಿಗೆ ಕೇಳಿಸಬಾರದೆಂದು ಆ ಅವಧಿಯಲ್ಲಿ ದನಿಯನ್ನು ತಡೆಹಿಡಿಯುವ ಸ್ವಿಚ್ ಅಥವಾ ರಿಲೇ ಈ ಯಂತ್ರಗಳಲ್ಲಿರುತ್ತದೆ. ಅದರ ಸಂಪರ್ಕ ಬಿಂದುಗಳಿಗೆ ಕಿಲುಬು ಹಿಡಿದರೆ ಹಾಡು ಆರಂಭವಾದರೂ ತಡೆ ತೆರವಾಗುವುದಿಲ್ಲ, ಇಲ್ಲವೇ ದನಿ ಬಂದು ಬಂದು ಹೋಗುತ್ತದೆ. ಸಂಪರ್ಕ ಶುಚಿಗೊಳಿಸುವ ದ್ರವದಲ್ಲಿ ಅದ್ದಿದ ಗಟ್ಟಿ ಕಾಗದದ ಪಟ್ಟಿಯನ್ನು ಬಿಂದುಗಳ ನಡುವೆ ಎಳೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಉಪ್ಪುಕಾಗದದಿಂದ ಉಜ್ಜಿದರೆ ಬೆಳ್ಳಿಯ ಲೇಪ ಕಿತ್ತುಹೋಗಿ ತೊಂದರೆ ಮರುಕಳಿಸುತ್ತದೆ.

ಗುಂಯ್‌ಗುಡುವಿಕೆ ಮತ್ತು ಒಡಕು ದನಿ

ಧ್ವನಿಮಟ್ಟದ ತಿರುಪನ್ನು ಪೂರ್ತಿ ಇಳಿಸಿದರೂ ಗುಂಯ್ ಎಂಬ ಸದ್ದು ನಿಲ್ಲದಿದ್ದರೆ ಅದು ಬಹುತೇಕ ವಿದ್ಯುತ್ ಪೂರೈಕೆಯ ಕೆಪಾಸಿಟರ್‌ನ ದೋಷ. ತಿರುಪಿನೊಂದಿಗೆ ಸದ್ದೂ ಏರಿಳಿದರೆ ಪಿಕಪ್‌ನ ತಂತಿ, ಅದರ ಹೊದಿಕೆ ಮತ್ತು ಭೂಸಂಪರ್ಕವನ್ನು ನೋಡಬೇಕು. ಹಾಡು ಸ್ವಲ್ಪ ಹೊತ್ತು ಚೆನ್ನಾಗಿದ್ದು ಯಂತ್ರ ಬಿಸಿಯಾದಂತೆ ಒಡಕಾದರೆ, ಹಂತಗಳನ್ನು ಜೋಡಿಸುವ ಹಳೆಯ ಕಾಗದದ ಕೆಪಾಸಿಟರ್‌ಗಳಲ್ಲಿ ಸೋರಿಕೆಯಾಗುತ್ತಿರಬಹುದು. ಆ ಸೋರಿಕೆಯಿಂದ 6ಎಲ್6 ಮೊದಲಾದ ಅಂತಿಮ ಹಂತದ ವಾಲ್ವುಗಳು ಅತಿಯಾಗಿ ಕಾದು, ಒಳಗಿನ ಲೋಹದ ತಗಡು ಕೆಂಪಗಾಗುತ್ತದೆ. ಕೆಂಪು ಕಂಡೊಡನೆ ಯಂತ್ರವನ್ನು ಆರಿಸಬೇಕು.

ವೇಗ ಮತ್ತು ಶ್ರುತಿ

ದನಿ ಅಲುಗಾಡುವಂತೆ ಕೇಳಿಸಿದರೆ ಕಾರಣ ಯಾಂತ್ರಿಕವಾದುದು: ಗಡುಸಾದ ರಬ್ಬರ್ ಗಾಲಿ, ಸಡಿಲವಾದ ಪಟ್ಟಿ ಅಥವಾ ಅರಗಿನಂತೆ ಗಟ್ಟಿಯಾದ ಗ್ರೀಸು. ಭಾರತಕ್ಕೆ ತಂದ ಅಮೆರಿಕದ ಯಂತ್ರಗಳಲ್ಲಿ ಇನ್ನೊಂದು ತೊಡಕಿದೆ. ಅಲ್ಲಿನ ವಿದ್ಯುತ್ತಿನ ಆವರ್ತನ 60 ಹರ್ಟ್ಸ್, ಇಲ್ಲಿನದು 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಇಟ್ಟು ವೋಲ್ಟೇಜ್ ಇಳಿಸಿದರೂ ಆವರ್ತನ ಬದಲಾಗದು. ಆವರ್ತನವನ್ನು ಅನುಸರಿಸಿ ತಿರುಗುವ ಮೋಟಾರಿನಲ್ಲಿ 45 ಸುತ್ತು 37.5ಕ್ಕೆ ಇಳಿಯುತ್ತದೆ, ಹಾಡಿನ ಶ್ರುತಿಯೂ ಷಡ್ಜಕ್ಕೂ ಸಾಧಾರಣ ಗಾಂಧಾರಕ್ಕೂ ಇರುವ ಅಂತರದಷ್ಟು ಕುಸಿಯುತ್ತದೆ. ಗಾಯಕಿಯ ಕಂಠ ಗಂಡುದನಿಯತ್ತ ವಾಲಿದಂತೆ ಕೇಳಿಸುವುದು ಇದರಿಂದಲೇ. 50 ಹರ್ಟ್ಸ್‌ಗೆ ತಕ್ಕ ಅಳತೆಯ ಮೋಟಾರು ರಾಟೆಯನ್ನು ಹಾಕುವುದು ಇದಕ್ಕೆ ಪರಿಹಾರ. 60 ಹರ್ಟ್ಸ್‌ಗಷ್ಟೇ ರೂಪಿಸಿದ ಟ್ರಾನ್ಸ್‌ಫಾರ್ಮರ್ ಇಲ್ಲಿ ಹೆಚ್ಚು ಬಿಸಿಯಾಗುವುದನ್ನೂ ಗಮನಿಸುತ್ತಿರಬೇಕು.

ಸ್ಪೀಕರ್

ಸ್ಪೀಕರ್‌ನ ಕಾಗದದ ಶಂಕು ಹರಿದಿದ್ದರೆ ದನಿ ಬಿರಿದಂತೆ ಕೇಳಿಸುತ್ತದೆ. ಚಿಕ್ಕ ಹರಿವನ್ನು ತೆಳು ಕಾಗದ ಅಂಟಿಸಿ ಮುಚ್ಚಬಹುದು. ಪರೀಕ್ಷೆಗೆಂದು ಸ್ಪೀಕರ್ ಕಳಚಿ ವಾಲ್ವ್ ಆಂಪ್ಲಿಫೈಯರನ್ನು ನಡೆಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುವ ಅಪಾಯವಿದೆ.