ಬೆತ್ತವನ್ನಿಟ್ಟು ಬನಕ್ಕೆ ಹೋದವನು

ಕಾಡಿಗೆ ಹೋಗುವುದೆಂದರೆ ನಮ್ಮ ಮನಸ್ಸಿಗೆ ಮೊದಲು ತೋರುವುದು ವಾನಪ್ರಸ್ಥ. ಮಕ್ಕಳು ಮನೆಯ ಭಾರವನ್ನು ಹೊತ್ತ ಮೇಲೆ, ತಲೆ ನರೆತ ಮೇಲೆ, ಹಿರಿಯರು ಅರಣ್ಯವನ್ನು ಸೇರುತ್ತಿದ್ದರೆಂದು ನಮ್ಮ ಪುರಾಣಗಳು ಹೇಳುತ್ತವೆ. ಇಲ್ಲಿ ನಾನು ಹೇಳಹೊರಟಿರುವುದು ಹಾಗೆ ಸಂಸಾರವನ್ನು ಮುಗಿಸಿ ಹೋದವನ ಕಥೆಯಲ್ಲ. ಸಂಸಾರವನ್ನೇ ಹೂಡದ 27 ವರ್ಷದ ತರುಣನೊಬ್ಬನ ವೃತ್ತಾಂತ. ಅವನು ಕೆಲಕಾಲ ನಮ್ಮಂತೆಯೇ ಶಾಲಾ ಉಪಾಧ್ಯಾಯನಾಗಿದ್ದವನು. ಆದುದರಿಂದ ಅವನ ಚರಿತ್ರೆಯು ಉಪಾಧ್ಯಾಯ ಬಂಧುಗಳಿಗೂ ವಿದ್ಯಾರ್ಥಿಗಳಿಗೂ ರುಚಿಸೀತೆಂದು ನಂಬಿದ್ದೇನೆ.

ಅವನ ಹೆಸರು ಹೆನ್ರಿ ಡೇವಿಡ್ ಥೋರೋ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಕಾನ್ಕಾರ್ಡ್ ಎಂಬ ಊರಿನಲ್ಲಿ 1817ನೆಯ ಜುಲೈ 12ರಂದು ಜನಿಸಿದನು. ತಂದೆಯು ಪೆನ್ಸಿಲು ತಯಾರಿಸಿ ಜೀವಿಸುತ್ತಿದ್ದನು. ಮಗನು ಹಾರ್ವರ್ಡ್ ಕಾಲೇಜಿನಲ್ಲಿ ಓದಿ 1837ರಲ್ಲಿ ಪದವಿ ಪಡೆದು, ಅದೇ ವರ್ಷ ಹುಟ್ಟೂರಿನ ಸಾರ್ವಜನಿಕ ಶಾಲೆಯಲ್ಲಿ ಉಪಾಧ್ಯಾಯನಾದನು. ವರ್ಷಕ್ಕೆ 500 ಡಾಲರ್ ಸಂಬಳ. ಅಮೆರಿಕದಲ್ಲಿ ಬ್ಯಾಂಕುಗಳು ಮುರಿದು, ಕೆಲಸ ಸಿಕ್ಕುವುದೇ ದುರ್ಲಭವಾಗಿದ್ದ ವರ್ಷವದು. ಶಾಲಾ ಸಮಿತಿಯ ಸದಸ್ಯನೊಬ್ಬನು ತರಗತಿಯನ್ನು ನೋಡಲು ಬಂದು, ಏಟು ಬೀಳದಿದ್ದರೆ ಶಾಲೆ ಕೆಡುವುದೆಂದು ಎಚ್ಚರಿಸಿದನು. ಥೋರೋ ಕೆಲವು ಮಕ್ಕಳನ್ನು ಕರೆದು ಹೊಡೆದನು. ಅಂದೇ ಕೆಲಸಕ್ಕೆ ರಾಜೀನಾಮೆಯನ್ನೂ ಕೊಟ್ಟನು. ಸೇರಿ ಸುಮಾರು 2 ವಾರಗಳಾಗಿದ್ದುವು, ಅಷ್ಟೆ.

ಈ ಸಂಗತಿಯನ್ನು ಓದಿದಾಗ ನಾನು ಬಹಳ ಹೊತ್ತು ಪುಸ್ತಕವನ್ನು ಮುಚ್ಚಿ ಕುಳಿತೆನು. ಮಕ್ಕಳು ತಪ್ಪು ಮಾಡಿದುದಕ್ಕಾಗಿ ಬಿದ್ದ ಏಟುಗಳಲ್ಲ ಅವು; ಮೇಲಿನವರ ಮಾತನ್ನು ನಡೆಸಲೆಂದು ಬಿದ್ದವು. ನಮ್ಮ ದೇಶದಲ್ಲಿ 2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಯಲ್ಲಿ ಮಕ್ಕಳನ್ನು ದಂಡಿಸುವುದನ್ನು ನಿಷೇಧಿಸಿದೆ. ಆದರೂ, ತನ್ನ ಕೈ ತನ್ನ ಮನಸ್ಸಿನ ಮಾತನ್ನು ಮೀರಿ ಬೇರೊಬ್ಬರ ಮಾತಿಗೆ ಏಳುವ ಗಳಿಗೆ ಎಲ್ಲ ಉದ್ಯೋಗಗಳಲ್ಲಿಯೂ ಬರುತ್ತದೆ. ಥೋರೋ ಬನಕ್ಕೆ ಹೊರಟ ದಾರಿಯು ಆ ತರಗತಿಯ ಬಾಗಿಲಿನಿಂದಲೇ ಮೊದಲಾಯಿತೆಂದು ನನಗೆ ತೋರುತ್ತದೆ.

1838ರಲ್ಲಿ ಅವನು ತನ್ನದೇ ಶಾಲೆಯನ್ನು ತೆರೆದನು. ಅಣ್ಣ ಜಾನನೂ ಜೊತೆಗೂಡಿದನು. ಆ ಶಾಲೆಯಲ್ಲಿ ಬೆತ್ತವಿರಲಿಲ್ಲ. ಮಕ್ಕಳನ್ನು ಹೊಲ, ನದಿ, ಅಡವಿಗಳಿಗೆ ಕರೆದೊಯ್ದು ಪಾಠ ಹೇಳುತ್ತಿದ್ದರು. ಅಣ್ಣನ ಆರೋಗ್ಯ ಕೆಟ್ಟು 1841ರಲ್ಲಿ ಶಾಲೆ ಮುಚ್ಚಿತು. ಮರುವರ್ಷ ಜನವರಿಯಲ್ಲಿ, ಕ್ಷೌರದ ಕತ್ತಿ ತಾಗಿದ ಗಾಯದಿಂದ ಧನುರ್ವಾಯುವೇರಿ ಜಾನನು ತೀರಿಕೊಂಡನು. ಸೋದರರಿಬ್ಬರೂ 1839ರಲ್ಲಿ ದೋಣಿಯಲ್ಲಿ ಮಾಡಿದ್ದ ನದೀಯಾತ್ರೆಯನ್ನು ಪುಸ್ತಕವಾಗಿ ಬರೆಯಬೇಕೆಂಬುದು ತಮ್ಮನ ಹಂಬಲವಾಯಿತು. ಅದಕ್ಕೆ ಬಿಡುವು ಬೇಕು. ಬಿಡುವಿಗೆ ಹಣ ಬೇಕು. ಹಣಕ್ಕೆ ಬಿಡುವನ್ನೇ ಮಾರಬೇಕು. ಈ ಸುಳಿಯಿಂದ ಪಾರಾಗುವ ಉಪಾಯವನ್ನು ಅವನು ಕಾಡಿನಲ್ಲಿ ಹುಡುಕಿದನು.

ಊರಿನಿಂದ ಸುಮಾರು ಒಂದೂವರೆ ಮೈಲಿಯಲ್ಲಿ ವಾಲ್ಡನ್ ಎಂಬ ಕೊಳ. ಅದರ ದಡದ ನೆಲವು ಅವನ ಹಿರಿಯ ಮಿತ್ರನಾದ ಎಮರ್ಸನ್ನನದು. 1845ರ ಮಾರ್ಚಿಯಲ್ಲಿ ಎರವಲು ತಂದ ಕೊಡಲಿಯಿಂದ ಮರ ಕಡಿದು, ಐರಿಷ್ ಕೂಲಿಯೊಬ್ಬನ ಗುಡಿಸಲಿನ ಹಲಗೆಗಳನ್ನು ಕೊಂಡು, 15 ಅಡಿ ಉದ್ದ, 10 ಅಡಿ ಅಗಲದ ಮನೆಯನ್ನು ಕಟ್ಟತೊಡಗಿದನು. ಅಮೆರಿಕದ ಸ್ವಾತಂತ್ರ್ಯದಿನವಾದ ಜುಲೈ 4ರಂದು ಅಲ್ಲಿ ವಾಸ ಹೂಡಿದನು. ಖರ್ಚು 28 ಡಾಲರ್ 12½ ಸೆಂಟ್. ಹಾರ್ವರ್ಡಿನಲ್ಲಿ ವಿದ್ಯಾರ್ಥಿಯು ಒಂದು ಕೋಣೆಗೆ ವರ್ಷಕ್ಕೆ ಕೊಡುತ್ತಿದ್ದ ಬಾಡಿಗೆಯೇ 30 ಡಾಲರ್! ಎರಡೂವರೆ ಎಕರೆಯಲ್ಲಿ ಹೆಚ್ಚಾಗಿ ಬೀನ್ಸ್ ಬೆಳೆದು, ಬೀಜ, ಉಳುಮೆ ಮೊದಲಾದ ವೆಚ್ಚ ಕಳೆದು 8 ಡಾಲರ್ 71½ ಸೆಂಟ್ ಲಾಭ ಕಂಡನು. ವರ್ಷದಲ್ಲಿ ಸುಮಾರು 6 ವಾರ ದುಡಿದರೆ ತನ್ನ ಬದುಕಿಗೆ ಸಾಕೆಂದು ಅವನ ಲೆಕ್ಕ. ಕೊಳ್ಳುವ ಪ್ರತಿಯೊಂದು ವಸ್ತುವಿಗೂ ನಾವು ಆಯುಷ್ಯದ ಒಂದು ಪಾಲನ್ನು ತೆರುತ್ತೇವೆ ಎಂಬುದೇ ಈ ಲೆಕ್ಕದ ಹುರುಳು.

ಊರಿಗೆ ಆಗಾಗ ಬಂದು ತಾಯಿಯ ಮನೆಯಲ್ಲಿ ಉಣ್ಣುತ್ತಿದ್ದನಲ್ಲ, ಇದೆಂತಹ ವನವಾಸ ಎಂದು ಹಾಸ್ಯ ಮಾಡುವವರುಂಟು. ಮಾತು ಸುಳ್ಳಲ್ಲ. ಅವನೂ ಅದನ್ನು ಮುಚ್ಚಿಡಲಿಲ್ಲ. 1844ರಲ್ಲಿ ಹಾಕಿದ ರೈಲುದಾರಿಯು ಕೊಳದ ಅಂಚಿನಲ್ಲೇ ಹಾದಿತ್ತು. ಹಕ್ಕಿಯ ದನಿಯೊಡನೆ ಎಂಜಿನ್ನಿನ ಸಿಳ್ಳೂ ಕೇಳುತ್ತಿತ್ತು. 1846–47ರ ಚಳಿಗಾಲದಲ್ಲಿ ಸುಮಾರು 100 ಮಂದಿ ಬಂದು, ಹೆಪ್ಪುಗಟ್ಟಿದ ಕೊಳದ ಮಂಜುಗಡ್ಡೆಯನ್ನು ವ್ಯಾಪಾರಕ್ಕಾಗಿ ಕೊಯ್ದರು. ನ್ಯೂ ಇಂಗ್ಲೆಂಡಿನ ಮಂಜುಗಡ್ಡೆಯು ಆಗ ಹಡಗಿನಲ್ಲಿ ಭಾರತಕ್ಕೂ ಬರುತ್ತಿತ್ತು. ಅದನ್ನು ಕೂಡಿಡಲು 1842ರಲ್ಲಿ ಕಟ್ಟಿದ ಐಸ್ ಹೌಸ್ ಇಂದಿಗೂ ಮದರಾಸಿನ ಕಡಲತೀರದಲ್ಲಿದೆ. ಬೆಳಗಿನಲ್ಲಿ ಭಗವದ್ಗೀತೆಯನ್ನು ಓದುತ್ತಿದ್ದ ಥೋರೋ, ತನ್ನ ಕೊಳದ ನೀರು ಗಂಗೆಯ ನೀರಿನೊಡನೆ ಬೆರೆಯುವುದನ್ನು ಕಲ್ಪಿಸಿಕೊಂಡು ಹಿಗ್ಗಿದನು.

ಆ ಬನದಲ್ಲಿ ಅವನೇ ಮೊದಲಿಗನಲ್ಲ. ಕೇಟೋ ಇಂಗ್ರಹಾಮ್, ಬ್ರಿಸ್ಟರ್ ಫ್ರೀಮನ್, ನೂಲು ತೆಗೆಯುತ್ತಿದ್ದ ಜಿಲ್ಫಾ — ಆಫ್ರಿಕ ಮೂಲದ ಈ ಜನರು ಅವನಿಗಿಂತ ಒಂದೆರಡು ತಲೆಮಾರು ಮೊದಲು ಅಲ್ಲಿ ಬಾಳಿದ್ದರು. ಕೇಟೋ, ಬ್ರಿಸ್ಟರ್ ಇಬ್ಬರೂ ಕಾನ್ಕಾರ್ಡಿನ ಸಿರಿವಂತರ ಗುಲಾಮರಾಗಿದ್ದವರು. ಬಿಡುಗಡೆ ಹೊಂದಿದವರಿಗೆ ಒಳ್ಳೆಯ ನೆಲ ದೊರೆಯಲಿಲ್ಲ. ಬೇರೆಯವರಿಗೆ ಬೇಡವಾದ ಕಾಡಂಚು ದೊರೆಯಿತು. ಥೋರೋ ಇಚ್ಛೆಯಿಂದ ಹೋದನು. ಅವರಿಗೆ ಬೇರೆ ಇಚ್ಛೆಯೇ ಇರಲಿಲ್ಲ. ಅವರ ನೆಲಮಾಳಿಗೆಗಳ ಕುಳಿಗಳನ್ನೂ ಬ್ರಿಸ್ಟರನು ನೆಟ್ಟ ಸೇಬಿನ ಮರಗಳನ್ನೂ ನೋಡಿ, ಅವರ ಹೆಸರುಗಳನ್ನು ಅವನು ತನ್ನ ಗ್ರಂಥದಲ್ಲಿ ಬರೆದಿಟ್ಟನು. ಇಲ್ಲವಾದರೆ ಆ ಹೆಸರುಗಳನ್ನು ಇಂದು ನಾವು ತಿಳಿಯುವುದು ಕಷ್ಟವಿತ್ತು.

1846ರ ಜುಲೈ ತಿಂಗಳಲ್ಲಿ, ರಿಪೇರಿಗೆ ಕೊಟ್ಟಿದ್ದ ಜೋಡನ್ನು ತರಲು ಊರಿಗೆ ಹೋದ ಥೋರೋ ಸೆರೆಯಾದನು. ಮನುಷ್ಯರನ್ನು ಮಾರುವ ವ್ಯವಸ್ಥೆಗೆ ಬೆಂಬಲವಾಗಿರುವ ಸರಕಾರಕ್ಕೆ ತಲೆಗಂದಾಯ ಕೊಡೆನೆಂದು ಅವನು ಹಟ ಹಿಡಿದಿದ್ದನು. ಯಾರೋ ಹಣ ಕಟ್ಟಿದುದರಿಂದ ಒಂದೇ ರಾತ್ರಿಗೆ ಬಿಡುಗಡೆಯಾಯಿತು. ಆ ರಾತ್ರಿಯ ಫಲವಾಗಿ 1849ರಲ್ಲಿ ಪ್ರಕಟವಾದ ಪ್ರಬಂಧವನ್ನು 1907ರಲ್ಲಿ ಗಾಂಧೀಜಿಯವರು ದಕ್ಷಿಣ ಆಫ್ರಿಕದಲ್ಲಿ ತಮ್ಮ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯ ಓದುಗರಿಗೆ ಪರಿಚಯಿಸಿದರು. ಕಾಡಿನಲ್ಲಿದ್ದವನನ್ನೂ ಸರಕಾರ ಬಿಡುವುದಿಲ್ಲ. ಕಾಡಿನಲ್ಲಿ ಕಲಿತ ನಿರ್ಭಯವೂ ಕಾಡಿನಲ್ಲೇ ಉಳಿಯುವುದಿಲ್ಲ.

1847ರ ಸೆಪ್ಟೆಂಬರ್ 6ರಂದು, 2 ವರ್ಷ 2 ತಿಂಗಳು 2 ದಿನ ಕಳೆದ ಮೇಲೆ, ಅವನು ಬನವನ್ನು ಬಿಟ್ಟನು. ಅಣ್ಣನ ನೆನಪಿನ ಪುಸ್ತಕದ ಕರಡು ಅಲ್ಲಿ ಸಿದ್ಧವಾಗಿತ್ತು. ಅದು 1849ರಲ್ಲಿ ಅಚ್ಚಾಯಿತು. 1,000 ಪ್ರತಿಗಳಲ್ಲಿ 700ಕ್ಕೂ ಹೆಚ್ಚು ಮಾರಾಟವಾಗದೆ ಅವನ ಮನೆಗೇ ಮರಳಿದುವು. ‘ವಾಲ್ಡನ್’ ಗ್ರಂಥವು 1854ರಲ್ಲಿ ಹೊರಬಂದಿತು. 1862ರ ಮೇ 6ರಂದು, 44ನೆಯ ವಯಸ್ಸಿನಲ್ಲಿ, ಅವನು ಕ್ಷಯರೋಗದಿಂದ ಮೃತನಾದನು.

ಅವನ ಬಾಳಿನ ಇನ್ನೊಂದು ದಿನವನ್ನು ಹೇಳಿ ಮುಗಿಸುತ್ತೇನೆ. ಓಡಿಹೋದ ಗುಲಾಮರಿಗೆ ಆಸರೆ ಕೊಡುವುದು ಅಪರಾಧವೆಂದು 1850ರಲ್ಲಿ ಅಮೆರಿಕದಲ್ಲಿ ಕಾಯಿದೆಯಾಯಿತು. ಮರುವರ್ಷ ಅಕ್ಟೋಬರ್ 1ರಂದು, ಹೆನ್ರಿ ವಿಲಿಯಮ್ಸ್ ಎಂಬ ಹೆಸರನ್ನು ತಳೆದಿದ್ದ ಅಂತಹ ಒಬ್ಬನನ್ನು ಕೆನಡಾಕ್ಕೆ ಹೋಗುವ ರೈಲು ಹತ್ತಿಸಿದುದಾಗಿ ಥೋರೋ ದಿನಚರಿಯಲ್ಲಿ ಬರೆದಿದ್ದಾನೆ. ಒಂದು ಕಾಲದಲ್ಲಿ, ಮೇಲಿನವರ ಮಾತಿಗೆ ಮಣಿದು ಮಕ್ಕಳ ಮೇಲೆ ಎದ್ದ ಕೈ ಅದು. ಬನದಿಂದ ಅವನು ತಂದ ಸ್ವಾತಂತ್ರ್ಯವೆಷ್ಟೆಂಬುದನ್ನು ವಿದ್ಯಾರ್ಥಿ ಮಿತ್ರರು ಆ ಎರಡು ದಿನಗಳ ನಡುವಣ ಅಂತರದಿಂದ ತಾವೇ ಅಳೆದುಕೊಳ್ಳಬಹುದು.