ಹೋರಿ ಸಾಕಿದೋನು ಎಲ್ಲಿ?

1/7

ಫೋಟೋದಲ್ಲಿರೋದು 1941ರ ಹಾಲಿವುಡ್ ಚಿತ್ರ 'ಬ್ಲಡ್ ಅಂಡ್ ಸ್ಯಾಂಡ್'ನ ಪೋಸ್ಟರ್. ಕಡೂರು, ತರೀಕೆರೆ, ಅಜ್ಜಂಪುರದ ಇತಿಹಾಸ ಹೇಳೋ ಪುಟದಲ್ಲಿ ಇದಕ್ಕೇನು ಕೆಲಸ ಅಂತ ಅನ್ನಿಸಿದ್ರೆ ತಪ್ಪಿಲ್ಲ. ಸ್ವಲ್ಪ ತಾಳಿ. ಏಳು ಪೋಸ್ಟ್ ಮುಗಿಯೋ ಹೊತ್ತಿಗೆ ಅಜ್ಜಂಪುರದ ಕಾವಲಿನಲ್ಲೇ ಬಂದು ನಿಂತಿರ್ತೀವಿ.

ಕಥೆ ಸ್ಪೇನ್ ದೇಶದ್ದು. ಹ್ವಾನ್ ಅನ್ನೋ ಬಡ ಹುಡುಗ. ಅಪ್ಪ ಗೂಳಿ ಕಾಳಗದಲ್ಲೇ ಸತ್ತವನು, ಹುಡುಗನಿಗೆ ಓದುಬರಹ ಇಲ್ಲ. ಬೆಳೆದು ಹೆಸರಾಂತ ಮೆಟಡೋರ್ ಆಗ್ತಾನೆ. ಚಿಕ್ಕಂದಿನ ಗೆಳತಿ ಕಾರ್ಮೆನ್‌ಳನ್ನ ಮದುವೆಯಾಗ್ತಾನೆ. ಆಮೇಲೆ ದೊಡ್ಡ ಮನೆತನದ ದೋನ್ಯಾ ಸೋಲ್ ಮೋಹಕ್ಕೆ ಬಿದ್ದು ದುಡ್ಡು, ಹೆಸರು ಎರಡೂ ಕಳ್ಕೊಳ್ತಾನೆ. ಕೊನೆಗೆ ಅಪ್ಪನ ಹಾಗೇ ಕೊಂಬಿಗೆ ಸಿಕ್ಕಿ ಸಾಯ್ತಾನೆ. ಟೈರೋನ್ ಪವರ್, ಲಿಂಡಾ ಡಾರ್ನೆಲ್, ರೀಟಾ ಹೇವರ್ತ್ ನಟರು. ನಿರ್ದೇಶಕ ರೂಬೆನ್ ಮಮೌಲಿಯನ್. ಮೂಲ, ವಿಸೆಂತೆ ಬ್ಲಾಸ್ಕೋ ಇಬಾನ್ಯೆಸ್ 1908ರಲ್ಲಿ ಬರೆದ ಕಾದಂಬರಿ. 1922ರಲ್ಲೇ ರುಡಾಲ್ಫ್ ವ್ಯಾಲೆಂಟಿನೋ ಇದ್ದ ಮೂಕಿ ಚಿತ್ರವೂ ಬಂದಿತ್ತು.

ನೋಡಿದವರ ಅಭಿಪ್ರಾಯ ಒಂದೇ ತರ ಇಲ್ಲ. ಬಣ್ಣಕ್ಕೆ ಮರುಳಾದವರು ಒಂದು ಕಡೆ. ಅದಕ್ಕೆ ಕಾರಣ ಇದೆ, ವರ್ಣ ಛಾಯಾಗ್ರಹಣಕ್ಕೆ ಆಸ್ಕರ್ ಬಂದ ಚಿತ್ರ ಇದು. ರೀಟಾ ಹೇವರ್ತ್ ಬಂದ ಮೇಲೆ ಬೇರೆ ಯಾರೂ ಕಾಣಲ್ಲ ಅನ್ನೋರು ಇನ್ನೊಂದು ಕಡೆ. 'ಎಳೆದಿದ್ದಾರೆ, ಗೋಳು ಜಾಸ್ತಿ' ಅನ್ನೋರು ಮತ್ತೊಂದು ಕಡೆ. ನಮ್ಮ ಮನೆಯಲ್ಲಿ ನಾಲ್ಕನೇ ಅಭಿಪ್ರಾಯ ಒಂದು ಹುಟ್ಟಿತು. ಈ ಸರಣಿ ಅದರದ್ದು.

2/7

ದೊಡ್ಡಪ್ಪ ಅಜ್ಜಂಪುರದ ಕಡೆಯವರು. ಆಯಸ್ಸೆಲ್ಲ ಎತ್ತುಗಳ ಜೊತೆ ಕಳೆದವರು. ಹಬ್ಬಕ್ಕೆ ಬಂದಿದ್ದಾಗ ಲ್ಯಾಪ್‌ಟಾಪ್‌ನಲ್ಲಿ ಈ ಚಿತ್ರ ಹಾಕಿದೆ. ಮಾತು ಅರ್ಥ ಆಗದ ಕಡೆ ನಾನು, ಅಕ್ಕ ಬಿಡಿಸಿ ಹೇಳ್ತಾ ಹೋದ್ವಿ.

ಅಕ್ಕನಿಗೆ ಕಾರ್ಮೆನ್ ಮೇಲೆ ಸಿಟ್ಟು. 'ಇಷ್ಟೆಲ್ಲ ಮಾಡಿದೋನಿಗೆ ದೇವರ ಮುಂದೆ ಕೂತು ಹರಕೆ ಬೇರೆ ಕೇಡು' ಅಂದ್ಲು. ನಾನು ಬೆಳಕು, ನೆರಳು, ಬಟ್ಟೆಯ ಬಣ್ಣ ಅಂತ ಬಡಬಡಿಸ್ತಿದ್ದೆ. ಹಳೆಯ ಸ್ಪ್ಯಾನಿಷ್ ಚಿತ್ರಕಾರರ ಪಟಗಳನ್ನ ಮುಂದಿಟ್ಕೊಂಡು ಮಮೌಲಿಯನ್ ದೃಶ್ಯ ಕಟ್ಟಿದ್ರು ಅಂತಲೂ ಹೇಳಿದೆ.

ದೊಡ್ಡಪ್ಪ ಕೊನೇವರೆಗೂ ಮಾತಾಡಲಿಲ್ಲ. ಮುಗಿದ ಮೇಲೆ ಕನ್ನಡಕ ತೆಗೆದು ಒರೆಸ್ತಾ ಕೇಳಿದ್ರು:

'ಅಲ್ಲಪ್ಪ, ಕೊಂದೋನನ್ನ ತೋರಿಸಿದ್ರು, ಸತ್ತೋನನ್ನ ತೋರಿಸಿದ್ರು, ನೋಡೋಕೆ ಬಂದೋರನ್ನೂ ತೋರಿಸಿದ್ರು. ಆ ಹೋರಿ ಸಾಕಿದೋನು ಎಲ್ಲಿ?'

ನನ್ನ ಹತ್ರ ಉತ್ತರ ಇರಲಿಲ್ಲ. ಎರಡು ಗಂಟೆಯ ಸಿನಿಮಾದಲ್ಲಿ ನನಗೆ ಆ ಪ್ರಶ್ನೆಯೇ ಹೊಳೆದಿರಲಿಲ್ಲ.

3/7

ಆ ಪ್ರಶ್ನೆ ಅಜ್ಜಂಪುರದವರ ಬಾಯಲ್ಲಿ ಬಂದದ್ದು ಸುಮ್ಮನೆ ಅಲ್ಲ. ಈ ಫೋಟೋ ನೋಡಿ. ಬೂದು ಮೈ, ಉದ್ದ ಮುಖ, ಹಿಂದಕ್ಕೆ ಬಾಗಿ ಮೇಲೆದ್ದು ತುದಿಯಲ್ಲಿ ಸೂಜಿಯಾದ ಕೊಂಬು. ಅಮೃತಮಹಲ್.

ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1672–1704) ಅರಮನೆಯ ಹಸುಗಳನ್ನ ನೋಡ್ಕೊಳ್ಳೋಕೆ 'ಬೆಣ್ಣೆ ಚಾವಡಿ' ಅನ್ನೋ ಇಲಾಖೆ ಇತ್ತು. ಹೆಸರು ಬೆಣ್ಣೆಯದ್ದಾದ್ರೂ ಹೋರಿಗಳು ಹೋಗಿದ್ದು ದಂಡಿಗೆ. ಹೈದರ್ ಆಲಿ ಇವುಗಳ ಬಲದಿಂದಲೇ ಎರಡೂವರೆ ದಿನದಲ್ಲಿ ನೂರು ಮೈಲಿ ದಾಟಿ ಚಿದಂಬರಕ್ಕೆ ದಂಡು ಮುಟ್ಟಿಸಿದ ಅಂತ ಹಳೆಯ ಬರಹಗಳಲ್ಲಿದೆ. ಟಿಪ್ಪು ಸುಲ್ತಾನ್ ಇಲಾಖೆಗೆ ಅಮೃತಮಹಲ್ ಅಂತ ಹೆಸರಿಟ್ಟು, ಮಂದೆ ಹೇಗೆ ನೋಡ್ಕೋಬೇಕು ಅಂತ ಹುಕುಂನಾಮೆ ಹೊರಡಿಸಿದ.

ಮಂದೆಗೆ ಬೇಕಾಗಿದ್ದು ಹುಲ್ಲು. ಅದಕ್ಕೇ ರಾಜ್ಯದ ಉದ್ದಗಲಕ್ಕೂ 'ಕಾವಲು' ಅಂತ ನೆಲ ಬಿಟ್ಟಿದ್ರು. ಬೇಸಿಗೆಗೆ ಒಂದು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಇನ್ನೊಂದು. ದನಗಾಹಿಗಳು ಮಂದೆ ಹೊಡ್ಕೊಂಡು ಋತುವಿಗೆ ತಕ್ಕ ಹಾಗೆ ಕಾವಲಿಂದ ಕಾವಲಿಗೆ ಹೋಗ್ತಿದ್ರು. ನಮ್ಮ ಬೀರೂರು, ಬಾಸೂರು, ಅಜ್ಜಂಪುರದ ಬಯಲು ಅಂಥ ಕಾವಲುಗಳು. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ ಶುರುವಾಗಿದ್ದು 1929ರಲ್ಲಿ.

4/7

ಈಗ ಸ್ಪೇನ್‌ಗೆ ವಾಪಸ್ ಹೋಗೋಣ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮಂದೆ ಬ್ರಿಟಿಷರ ಕೈಗೆ ಬಂತು. ಆಗ ಇಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ತನ್ನ ದಂಡಯಾತ್ರೆಗಳಲ್ಲಿ ಇದೇ ಎತ್ತುಗಳನ್ನ ಹೂಡಿಸಿದ. ಫಿರಂಗಿ ಎಳೆದುಕೊಂಡು ಸಿಪಾಯಿಗಳ ಹೆಜ್ಜೆಗೆ ಸಮ ನಡೆಯೋ ಎತ್ತು ಅವನು ಕಂಡಿದ್ದು ಇಲ್ಲೇ. ಮುಂದೆ ಅವನೇ ಡ್ಯೂಕ್ ಆಫ್ ವೆಲಿಂಗ್ಟನ್. ನೆಪೋಲಿಯನ್‌ನ ಸೈನ್ಯದ ವಿರುದ್ಧ ಪೋರ್ಚುಗಲ್, ಸ್ಪೇನ್‌ನಲ್ಲಿ ವರ್ಷಗಟ್ಟಲೆ ಕಾದಾಡಿದ. ಅಲ್ಲಿ ಸಿಕ್ಕಿದ್ದು ಕಿರುಗುಟ್ಟೋ ಮರದ ಚಕ್ರದ, ಆಮೆ ನಡಿಗೆಯ ಎತ್ತಿನಗಾಡಿ. ಆಗೆಲ್ಲ ಅವನು ಮೈಸೂರಿನ ಅಮೃತಮಹಲ್ ಎತ್ತು ಇಲ್ಲವಲ್ಲ ಅಂತ ಪೇಚಾಡ್ಕೊಂಡ ಅಂತ ಈ ತಳಿಯ ಬಗ್ಗೆ ಬರೆದ ಹಳಬರೆಲ್ಲ ಹೇಳ್ತಾರೆ.

ಯೋಚನೆ ಮಾಡಿ. ಗೂಳಿಗೆ ಜಗತ್ತಿನಲ್ಲೇ ಹೆಸರಾದ ದೇಶದಲ್ಲಿ ನಿಂತು ಒಬ್ಬ ಸೇನಾಪತಿ ನಮ್ಮ ಬಯಲಿನ ಎತ್ತನ್ನ ನೆನೆಸ್ಕೊಂಡಿದ್ದಾನೆ!

ದೊಡ್ಡಪ್ಪನ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ. ಸ್ಪೇನ್‌ನಲ್ಲೂ ಸಾಕೋರು ಇದ್ದಾರೆ. ಓಕ್ ಮರಗಳ ನಡುವಿನ ಹುಲ್ಲುಗಾವಲಲ್ಲಿ ಕಾಳಗದ ಗೂಳಿ ಮೇಯುತ್ತೆ. ಪ್ರತಿ ಮನೆತನಕ್ಕೂ ತನ್ನದೇ ಬರೆ ಗುರುತು. ನಾಲ್ಕು ವರ್ಷ ತುಂಬಿದ ಗೂಳಿಯನ್ನ ದೊಡ್ಡ ಕಾಳಗಕ್ಕೆ ಬಿಡ್ತಾರೆ, ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಅದರ ಕಥೆ ಮುಗಿಯುತ್ತೆ. ಹೆಚ್ಚುಕಮ್ಮಿ ಅದೇ ವಯಸ್ಸಿಗೆ ನಮ್ಮ ಹೋರಿ ನೊಗಕ್ಕೆ ಬರುತ್ತೆ. ಅದರ ಕಥೆ ಶುರುವಾಗೋದೇ ಅಲ್ಲಿಂದ.

5/7

ಇಷ್ಟು ಓದಿ 'ಅವರು ಕೊಲ್ಲೋರು, ನಾವು ಪೂಜಿಸೋರು' ಅಂತ ಎದೆ ತಟ್ಕೊಳ್ಳೋ ಹಾಗಿದ್ರೆ ಈ ಪೋಸ್ಟ್ ಪೂರ್ತಿ ಓದಿ.

ಫೋಟೋದಲ್ಲಿರೋದು ತುರುಗೊಳ್ ವೀರಗಲ್ಲು. ಕೆಳಗಿನ ಪಟ್ಟಿಯಲ್ಲಿ ಕಾಳಗ, ದನಗಳ ಸಾಲು. ನಡುವೆ ವೀರನನ್ನ ಕರ್ಕೊಂಡು ಹೋಗೋ ಅಪ್ಸರೆಯರು. ಮೇಲೆ ಶಿವಲಿಂಗ. ದನ ಬಿಡಿಸೋಕೆ ಹೋಗಿ ಸತ್ತವನ ಕಲ್ಲು ಇದು, ಹೆಮ್ಮೆ ಪಡೋಣ. ಆದ್ರೆ ದನ ಕದ್ದು ಹೊಡ್ಕೊಂಡು ಹೋದವರೂ ನಮ್ಮವರೇ ತಾನೇ?

ಅಮೃತಮಹಲ್ ಕರುಗಳಿಗೂ ಬರೆ ಹಾಕಿದ್ದಾರೆ, ಬೀಜ ಒಡೆದಿದ್ದಾರೆ, ಫಿರಂಗಿಗೆ ಕಟ್ಟಿದ್ದಾರೆ. ಯಾರದ್ದೋ ಯುದ್ಧದಲ್ಲಿ ಸತ್ತ ಎತ್ತುಗಳಿಗೆ ಕಲ್ಲು ನಿಲ್ಲಿಸಿದವರಿಲ್ಲ.

ಪಕ್ಕದ ಶಿಕಾರಿಪುರ, ಸೊರಬ, ಹಾವೇರಿ ಕಡೆ ದೀಪಾವಳಿ ಆದ್ಮೇಲೆ ಹೋರಿ ಬೆದರಿಸೋ ಹಬ್ಬ. ಹೋರಿಗೆ ಹೆಸರಿದೆ, ಬ್ಯಾನರ್ ಇದೆ, ಅಭಿಮಾನಿಗಳಿದ್ದಾರೆ. ಅಲ್ಲಿ ಹೋರಿಯೇ ಹೀರೋ, ಕೊರಳಿನ ಕೊಬ್ಬರಿ ಹಾರ ಕಿತ್ಕೊಂಡವನಿಗೆ ಒಂದು ಕೂಗು, ಯಾರ ಕೈಗೂ ಸಿಗದ ಹೋರಿಗೆ ಹತ್ತು ಕೂಗು. ಆದ್ರೆ ಜೀವ ಹೋದ ಹುಡುಗರೂ ಇದ್ದಾರೆ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಗಾಡಿ ಓಟ ನಿಲ್ಲಿಸ್ತು. ಕಂಬಳ ಮತ್ತು ಎತ್ತಿನಗಾಡಿ ಓಟಕ್ಕಾಗಿ ಕರ್ನಾಟಕ ಕಾನೂನು ತಿದ್ದಿತು. 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನ ಎತ್ತಿ ಹಿಡೀತು. ವಾದ ಮುಗಿದಿಲ್ಲ, ಮುಗಿಯೋದೂ ಬೇಡ.

6/7

ಸ್ಪೇನ್‌ನಲ್ಲಿ ಕಾಳಗದ ಪರ ಇರೋರ ವಾದ ಒಂದಿದೆ: ಕಾಳಗ ನಿಂತ್ರೆ ಗೂಳಿ ಸಾಕೋರು ಯಾರು? ತಳಿಯೂ ಹೋಗುತ್ತೆ, ಅದು ಮೇಯೋ ಹುಲ್ಲುಗಾವಲೂ ಹೋಗುತ್ತೆ. ಕೊಲ್ಲೋದಕ್ಕೆ ಇದು ಸಮರ್ಥನೆ ಅಂತ ನನಗೆ ಅನ್ನಿಸಲ್ಲ. ಆದ್ರೆ ಈ ಮಾತು ನನ್ನ ನಿದ್ದೆ ಕೆಡಿಸ್ತು. ಯಾಕಂದ್ರೆ ಅಂಥದ್ದೇ ನಮ್ಮಲ್ಲಿ ನಡೆದಿದೆ.

ಫಿರಂಗಿ ಎಳೆಯೋ ಕೆಲಸ ಹೋಯ್ತು. ಖರ್ಚು ಉಳಿಸೋಕೆ ಅಂತ 1860ರಲ್ಲಿ ಬ್ರಿಟಿಷರು ಮಂದೆಯನ್ನೇ ಮಾರಿದ್ರು. ಕೆಲವೇ ವರ್ಷದಲ್ಲಿ ತಪ್ಪು ಗೊತ್ತಾಗಿ ಮತ್ತೆ ಕಟ್ಟಿದ್ರು. ಆಮೇಲೆ ಟ್ರ್ಯಾಕ್ಟರ್ ಬಂತು, ಉಳುಮೆ ಕೆಲಸವೂ ಹೋಯ್ತು. ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆ ದಾಟಿದ್ದ ಕಾವಲು ಸಾಗುವಳಿಗೆ, ಊರಿಗೆ, ನೆಡುತೋಪಿಗೆ ಅಂತ ಕರಗ್ತಾ ಬಂತು. ಚಳ್ಳಕೆರೆ ಕಡೆ ಸಾವಿರಾರು ಎಕರೆ ರಕ್ಷಣೆ, ವಿಜ್ಞಾನ ಸಂಸ್ಥೆಗಳಿಗೆ ಹೋಯ್ತು. ಕಡೂರು ತಾಲ್ಲೂಕಿನ ಬಾಸೂರು ಕಾವಲು ಮಾತ್ರ 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶ ಆಯ್ತು. ಅಲ್ಲಿ ಕೃಷ್ಣಮೃಗ ಉಳಿದಿರೋದು ದನಕ್ಕೆ ಅಂತ ಬಿಟ್ಟ ಹುಲ್ಲಿನಿಂದ.

ನಮ್ಮ ಮನೆ ಮಾತೂ ಹೇಳಿಬಿಡ್ತೀನಿ. ನಮ್ಮ ಹೊಲದ ಮೇಲ್ಭಾಗಕ್ಕೆ ಇವತ್ತಿಗೂ 'ಕಾವಲ ತುಂಡು' ಅಂತಾರೆ. ಚಿಕ್ಕವನಿದ್ದಾಗಿಂದ ಆ ಹೆಸರು ಕೇಳಿದ್ದೀನಿ. ಅರ್ಥ ಏನು ಅಂತ ಕೇಳಿದ್ದು ಆ ಸಿನಿಮಾ ನೋಡಿದ ರಾತ್ರಿ. ಅಲ್ಲಿ ಈಗ ಅಡಿಕೆ ಇದೆ. ನನ್ನ ಕಾಲೇಜಿನ ಫೀಸು ಬಂದಿದ್ದು ಆ ಅಡಿಕೆಯಿಂದ.

7/7

ಚಿತ್ರದ ಕೊನೆ ನೆನಪಿದೆಯಾ? ಒಳಗೆ ಹ್ವಾನ್ ಸಾಯ್ತಿದ್ದಾನೆ. ಹೊರಗೆ ಜನ ಆಗಲೇ ಹೊಸ ಮೆಟಡೋರ್ ಮನೋಲೋಗೆ ಜೈಕಾರ ಹಾಕ್ತಿದ್ದಾರೆ. ಕ್ಯಾಮೆರಾ ಮರಳಿನ ಮೇಲಿನ ರಕ್ತದ ಕಲೆ ತೋರಿಸಿ ನಿಲ್ಲುತ್ತೆ. ನಿಜವಾದ ಮೃಗ ಗೂಳಿಯಲ್ಲ, ಕೂಗೋ ಜನ ಅನ್ನೋದು ಕಾದಂಬರಿಕಾರನ ತೀರ್ಪು.

ನಮ್ಮಲ್ಲಿ ಅಖಾಡ ಇರಲಿಲ್ಲ, ಕೂಗಿದವರೂ ಇಲ್ಲ. ಹೋರಿಯನ್ನ ಯಾರೂ ಇರಿಯಲಿಲ್ಲ. ಅದರ ಕಾಲಡಿಯ ಹುಲ್ಲನ್ನ ಗುಂಟೆ ಗುಂಟೆಯಾಗಿ ತಗೊಂಡ್ವಿ. ತಗೊಂಡವರಲ್ಲಿ ಭೂಮಿ ಇಲ್ಲದ ಬಡವರೂ ಇದ್ರು, ಅವರದ್ದು ಅನ್ಯಾಯ ಅನ್ನೋಕೆ ನನಗೆ ಬಾಯಿ ಬರಲ್ಲ. ಆದ್ರೆ ಲೆಕ್ಕ ಮಾತ್ರ ಗೊತ್ತಿರಲಿ.

ಇದನ್ನೆಲ್ಲ ದೊಡ್ಡಪ್ಪನಿಗೆ ಓದಿ ಹೇಳಿದೆ. ಸುಮಾರು ಹೊತ್ತು ಸುಮ್ಮನಿದ್ರು. ಆಮೇಲೆ, 'ಬೀರೂರಲ್ಲಿ ಹರಾಜು ಯಾವತ್ತು ಅಂತ ವಿಚಾರಿಸು' ಅಂದ್ರು.

ಬೀರೂರಿನಲ್ಲಿ ಅಮೃತಮಹಲ್ ಹೋರಿಕರುಗಳ ಹರಾಜಿಗೆ ಈಗಲೂ ದೂರದೂರದಿಂದ ರೈತರು ಬರ್ತಾರೆ, ಜೋಡಿಗೆ ಪೈಪೋಟಿ ಮೇಲೆ ಕೂಗ್ತಾರೆ. 'ಈ ವಯಸ್ಸಲ್ಲಿ ಕರು ಕೊಂಡು ಏನ್ ಮಾಡ್ತೀರ ದೊಡ್ಡಪ್ಪ?' ಅಂದೆ.

'ಕೊಳ್ಳೋಕಲ್ಲ ಕಣೋ. ಸಾಕೋರು ಇನ್ನೂ ಎಷ್ಟು ಜನ ಇದ್ದಾರೆ ಅಂತ ನೋಡ್ಕೊಂಡು ಬರೋಣ.'

ನಿಮ್ಮ ಮನೆಯಲ್ಲಿ ಹಳೆಯ ಜೋಡೆತ್ತಿನ ಫೋಟೋ ಇದ್ರೆ ಕಳಿಸಿ. ಎತ್ತಿನ ಹೆಸರು, ಹಗ್ಗ ಹಿಡಿದು ನಿಂತವರ ಹೆಸರು ಎರಡನ್ನೂ ಬರೀರಿ. ಮುಂದಿನ ಸರಣಿ ಅವರದ್ದೇ.

#ಅಮೃತಮಹಲ್ #ಅಜ್ಜಂಪುರ #ಕಡೂರು #ತರೀಕೆರೆ #ಕಾವಲು #ನಮ್ಮೂರಇತಿಹಾಸ